ಟೀವಿ ಚೌಕಟ್ಟಿನ ಆಚೆ ಉಳಿದ ಆಟ

ಮ್ಯಾಚ್ ಮುಗಿದ ಮಾರನೇ ದಿನ ಟೀ ಅಂಗಡಿ ಮುಂದೆ ನಿಂತರೆ ಊರಿನವರೆಲ್ಲ ಕ್ಯಾಪ್ಟನ್‌ಗಳೇ. ‘ಆ ಓವರ್ ಅವನಿಗೆ ಕೊಡಬಾರದಿತ್ತು’, ‘ಸಿಕ್ಸರ್ ಎತ್ತೋ ಬದಲು ಒಂದೊಂದು ರನ್ ತಗೊಂಡಿದ್ರೆ ಸಾಕಿತ್ತು’. ನಾವೂ ಆ ಗುಂಪಿನಲ್ಲಿ ನಿಂತು ಗಂಟಲು ಹರಿದುಕೊಂಡವರೇ. ಆದರೆ ಒಂದು ಪ್ರಶ್ನೆ ಇದೆ. ನಾವು ವಾದ ಮಾಡುವುದು ಮೈದಾನದಲ್ಲಿ ನಡೆದ ಆಟದ ಬಗ್ಗೆಯೋ, ಟೀವಿ ನಮಗೆ ತೋರಿಸಿದ ಆಟದ ಬಗ್ಗೆಯೋ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಕಾಲ ಎದುರಿಸಿದವರು ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳು. ತಮ್ಮ ತಂಡ ಹೇಗೆ ದಾಳಿ ಮಾಡಬೇಕು ಎಂದು ಅವರು ಜಗಳವಾಡಿಕೊಂಡು ನೂರು ವರ್ಷ ದಾಟಿದೆ. ಆ ಜಗಳಕ್ಕೆ ಬೇಕಾದ ಆಟವನ್ನು ಪೂರ್ತಿ ನೋಡಲು ಸಿಕ್ಕಿದ್ದು ಮಾತ್ರ ತುಂಬಾ ತಡವಾಗಿ, ಅದೂ ತುಂಡು ತುಂಡಾಗಿ.

ಮೊದಲು ಆಟ ಏನೆಂದು ನೋಡೋಣ

ಇದು ಪೆಲೆ, ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ತೆಂಗಿನಕಾಯಿಯಂತೆ ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ಕಡೆ 11 ಜನ. ಮೈದಾನ 100 ಗಜ ಉದ್ದ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ.

ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲೂ ಒಂದು ತಂಡ ದಾಳಿ ಮಾಡುತ್ತದೆ, ಇನ್ನೊಂದು ಹಿಡಿಯುತ್ತದೆ. ದಾಳಿ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಅವಕಾಶಕ್ಕೂ ‘ಡೌನ್’ ಎಂದು ಹೆಸರು. ನಾಲ್ಕನೇ ಡೌನ್ ಎಂದರೆ ಪ್ರೊ ಕಬಡ್ಡಿಯ ಡು ಆರ್ ಡೈ ರೈಡ್ ಇದ್ದ ಹಾಗೆ. ಅಲ್ಲಿ ಸೋಲುವ ಭಯಕ್ಕೆ ಹೆಚ್ಚಿನ ತಂಡಗಳು ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತವೆ.

ಮುಂದೆ ಹೋಗಲು ದಾರಿ ಎರಡು. ಚೆಂಡನ್ನು ಬಗಲಲ್ಲಿ ಒತ್ತಿಕೊಂಡು ಗುಂಪಿನೊಳಗೆ ನುಗ್ಗಿ ಓಡುವುದು ಒಂದು. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಚೆಂಡನ್ನು ದೂರ ಎಸೆದು, ಓಡುತ್ತಿರುವ ಜೊತೆಗಾರ ಹಿಡಿಯುವುದು ಇನ್ನೊಂದು. ಓಡಬೇಕೋ, ಎಸೆಯಬೇಕೋ? ಅಭಿಮಾನಿಗಳ ಜಗಳವೆಲ್ಲ ಹುಟ್ಟುವುದು ಇಲ್ಲಿಂದ.

ಹೆಣಗಳು ಬಿದ್ದ ಮೇಲೆ ಬಂದ ಪಾಸ್

ಎಸೆಯುವ ದಾರಿ ಮೊದಲಿನಿಂದ ಇರಲಿಲ್ಲ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಶುರುವಾದ ಈ ಆಟ ಹಲವು ದಶಕಗಳ ಕಾಲ ಬರೀ ನೂಕುನುಗ್ಗಲು. ಆಟಗಾರರು ಕೈಕೈ ಹಿಡಿದು ಗೋಡೆ ಕಟ್ಟಿಕೊಂಡು ಎದುರಾಳಿಯ ಮೇಲೆ ಬೀಳುತ್ತಿದ್ದರು. 1905ರ ಒಂದೇ ಋತುವಿನಲ್ಲಿ ಸತ್ತ ಹುಡುಗರ ಸಂಖ್ಯೆ ಕನಿಷ್ಠ 18 ಎಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಆಟವನ್ನೇ ನಿಷೇಧಿಸಿ ಎಂಬ ಕೂಗು ಎದ್ದಿತು. ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳ ಪ್ರಮುಖರನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿಮಾಡಿ ಎಂದರು.

1906ರಲ್ಲಿ ನಿಯಮ ಬದಲಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಆಟಗಾರರು ಚದುರಿದರೆ ಗುದ್ದಾಟ ಕಡಿಮೆಯಾಗುತ್ತದೆ ಎಂಬುದು ಲೆಕ್ಕಾಚಾರ. ಅಂದರೆ ಇಂದು ಕೋಟ್ಯಂತರ ಜನ ಚಪ್ಪಾಳೆ ತಟ್ಟುವ ಪಾಸ್ ಬಂದದ್ದು ಅಂದಕ್ಕಾಗಿ ಅಲ್ಲ, ಜೀವ ಉಳಿಸುವುದಕ್ಕೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಶುರುವಿನಲ್ಲಿ ಎಸೆದ ಚೆಂಡನ್ನು ಯಾರೂ ಹಿಡಿಯದಿದ್ದರೆ ದಂಡ ಬೀಳುತ್ತಿತ್ತು. ಹಾಗಾಗಿ ಕೋಚ್‌ಗಳು ಹೆದರಿದರು. 1913ರಲ್ಲಿ ನಾಟರ್‌ಡೇಮ್ ತಂಡ ಎಸೆದು ಎಸೆದೇ ಸೇನೆಯ ತಂಡವನ್ನು 35–13ರಿಂದ ಸೋಲಿಸಿದಾಗ ಜನರ ಕಣ್ಣು ತೆರೆಯಿತು. ಆದರೂ ‘ಗಂಡಸಾದವನು ನುಗ್ಗಿ ಓಡಬೇಕು’ ಎನ್ನುವವರ ಗುಂಪು ಕರಗಲಿಲ್ಲ.

ಟೀವಿ ಬಂತು, ಪರದೆಯೂ ಬಿತ್ತು

1939ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ಫೋರ್ಡಮ್ ಮತ್ತು ವೇನ್ಸ್‌ಬರ್ಗ್ ಕಾಲೇಜುಗಳ ಪಂದ್ಯ ಟೀವಿಯಲ್ಲಿ ಬಂತು. ಟೀವಿ ಪೆಟ್ಟಿಗೆ ಇದ್ದ ಮನೆಗಳು ಬೆರಳೆಣಿಕೆಯಷ್ಟು, ಆದ್ದರಿಂದ ಯಾರಿಗೂ ಭಯವಾಗಲಿಲ್ಲ. ಭಯ ಶುರುವಾಗಿದ್ದು 1950ರಲ್ಲಿ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ತನ್ನ ಊರಿನ ಪಂದ್ಯಗಳನ್ನೆಲ್ಲ ಟೀವಿಗೆ ಕೊಟ್ಟಿತು. ಮೈದಾನಕ್ಕೆ ಬರುವ ಜನ ಸುಮಾರು ಅರ್ಧಕ್ಕೆ ಇಳಿದರು.

ಮಾಲೀಕರು ಪಾಠ ಕಲಿತರು. ತಂಡ ತನ್ನ ಊರಿನಲ್ಲಿ ಆಡುವಾಗ ಸುತ್ತಲಿನ 75 ಮೈಲಿ, ಅಂದರೆ ಸುಮಾರು 120 ಕಿಲೋಮೀಟರ್ ಒಳಗೆ ಟೀವಿಯಲ್ಲಿ ಆ ಪಂದ್ಯ ಬರಬಾರದು ಎಂಬ ಪದ್ಧತಿ ಗಟ್ಟಿಯಾಯಿತು. ಇದಕ್ಕೆ ‘ಬ್ಲ್ಯಾಕೌಟ್’ ಎಂದು ಹೆಸರು. ದೂರದ ಊರಿನವರಿಗೆ ಕಾಣುತ್ತಿದ್ದ ಆಟ ಸ್ವಂತ ಊರಿನವರಿಗೆ ಕಾಣುತ್ತಿರಲಿಲ್ಲ. ನಮ್ಮ ಕೆರೆಯ ನೀರು ಪಕ್ಕದ ತಾಲ್ಲೂಕಿಗೆ ಹರಿದು ನಮ್ಮ ಗದ್ದೆ ಒಣಗಿದ ಹಾಗೆ.

1958: ನಿರ್ಣಾಯಕ ಗಳಿಗೆಯಲ್ಲಿ ಪೆಟ್ಟಿಗೆ ಸತ್ತಿತು

1958ರ ಡಿಸೆಂಬರ್ 28. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಬಾಲ್ಟಿಮೋರ್ ಕೋಲ್ಟ್ಸ್ ನಡುವೆ ಚಾಂಪಿಯನ್‌ಶಿಪ್ ಫೈನಲ್. ದೇಶದಲ್ಲಿ ಸುಮಾರು 4.5 ಕೋಟಿ ಜನ ಟೀವಿ ಮುಂದೆ ಕೂತಿದ್ದರು. ನ್ಯೂಯಾರ್ಕ್ ನಗರದವರನ್ನು ಬಿಟ್ಟು! ಅಲ್ಲಿ ಬ್ಲ್ಯಾಕೌಟ್. ಆ ಕಾಲದ ಜೈಂಟ್ಸ್ ಅಭಿಮಾನಿಗಳು ಕಾರು ಹತ್ತಿ ಪಕ್ಕದ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಿ, ಅಲ್ಲಿನ ಮೋಟೆಲ್‌ಗಳಲ್ಲಿ ರೂಮು ಹಿಡಿದು ತಮ್ಮೂರಿನ ಆಟ ನೋಡುತ್ತಿದ್ದರು.

ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಾನಿ ಯೂನಿಟಾಸ್. ಕೊನೆಯ ಎರಡು ನಿಮಿಷದಲ್ಲಿ ರೇಮಂಡ್ ಬೆರ್ರಿಗೆ ಒಂದರ ಹಿಂದೆ ಒಂದರಂತೆ ಮೂರು ಪಾಸ್ ಎಸೆದು ತಂಡವನ್ನು ಮುಂದೆ ಒಯ್ದರು. ಪಂದ್ಯ 17–17ಕ್ಕೆ ನಿಂತಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಅಂಕ ಗಳಿಸಿದವರು ಚಾಂಪಿಯನ್.

ಕೋಲ್ಟ್ಸ್ ಗೆರೆಗೆ ಏಳೆಂಟು ಗಜ ದೂರಕ್ಕೆ ಬಂದಿತ್ತು. ಆಗಲೇ ಟೀವಿ ಪೆಟ್ಟಿಗೆಗಳೆಲ್ಲ ಕಪ್ಪಾದವು. ಮೈದಾನದಲ್ಲಿ ಕೇಬಲ್ ಕಿತ್ತುಹೋಗಿತ್ತು. ಅಷ್ಟರಲ್ಲಿ ಯಾರೋ ಒಬ್ಬ ಮೈದಾನಕ್ಕೆ ನುಗ್ಗಿ ಓಡಾಡಿದ, ಪೊಲೀಸರು ಅವನನ್ನು ಹಿಡಿಯುವಷ್ಟರಲ್ಲಿ ಕೇಬಲ್ ಜೋಡಿಸಿಯಾಗಿತ್ತು. ಆತ ಟೀವಿ ಕಂಪನಿಯವನೇ, ಸಮಯ ಕೊಳ್ಳಲು ಓಡಿದ ಎಂಬ ಮಾತು ಇವತ್ತಿಗೂ ಉಳಿದಿದೆ.

ಚಿತ್ರ ಮರಳಿದ ಮೇಲೆ ಯೂನಿಟಾಸ್ ಮಾಡಿದ ಕೆಲಸ ದೊಡ್ಡ ಚರ್ಚೆಗೆ ಕಾರಣವಾಯಿತು. ಅಷ್ಟು ಹತ್ತಿರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದಿದ್ದರೆ 3 ಅಂಕ, ಪಂದ್ಯ ಮುಗಿಯುತ್ತಿತ್ತು. ಅವರು ಒದೆಯಲು ಬಿಡದೆ ಮತ್ತೆ ಪಾಸ್ ಎಸೆದರು. ಎದುರಾಳಿ ಅದನ್ನು ಕಸಿದುಕೊಂಡಿದ್ದರೆ? ಕಸಿಯಲಿಲ್ಲ. ಜಿಮ್ ಮಚೆಲರ್ ಹಿಡಿದರು, ಚೆಂಡು ಗೆರೆಯಿಂದ ಒಂದು ಗಜಕ್ಕೆ ಬಂತು. ಮುಂದಿನ ಅವಕಾಶದಲ್ಲಿ ಅಲನ್ ಅಮೀಚಿ ನುಗ್ಗಿದರು. 23–17. ಆ ಪಾಸ್ ಧೈರ್ಯವೋ, ಹುಚ್ಚುತನವೋ ಎಂದು ದೇಶವೇ ಮಾತಾಡಿತು. ಮಾತಾಡಲು ಸಾಧ್ಯವಾಗಿದ್ದು ಆ ಕೇಬಲ್ ಸಮಯಕ್ಕೆ ಸರಿಯಾಗಿ ಸೇರಿದ್ದರಿಂದ.

ಮತ್ತೊಮ್ಮೆ ತೋರಿಸಿ

1961ರಲ್ಲಿ ಬಂದ ಒಂದು ಕಾನೂನು ಲೀಗ್‌ನ ತಂಡಗಳೆಲ್ಲ ಒಟ್ಟಾಗಿ ಟೀವಿ ಹಕ್ಕು ಮಾರಲು ದಾರಿ ಮಾಡಿತು. ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುವ ಪದ್ಧತಿ ಬಂತು. ಇದರಿಂದ ಉಳಿದುಕೊಂಡದ್ದು ಗ್ರೀನ್ ಬೇ ಎಂಬ ಚಿಕ್ಕ ಊರಿನ ತಂಡ. ಆ ಊರಿನ ಜನಸಂಖ್ಯೆ ಇವತ್ತಿಗೂ ಸುಮಾರು ಒಂದು ಲಕ್ಷ. ತಂಡಕ್ಕೆ ಶ್ರೀಮಂತ ಮಾಲೀಕನಿಲ್ಲ, ಷೇರು ತೆಗೆದುಕೊಂಡ ಜನರೇ ಮಾಲೀಕರು. ನ್ಯೂಯಾರ್ಕ್‌ಗೆ ಸಿಗುವಷ್ಟೇ ಟೀವಿ ಪಾಲು ಇದಕ್ಕೂ ಸಿಗುತ್ತದೆ.

1963ರ ಡಿಸೆಂಬರ್ 7ರಂದು ಸೇನೆ ಮತ್ತು ನೌಕಾಪಡೆ ತಂಡಗಳ ಪಂದ್ಯದಲ್ಲಿ ನಿರ್ದೇಶಕ ಟೋನಿ ವರ್ನಾ ಹೊಸದೊಂದನ್ನು ಮಾಡಿದರು. ಸೇನೆಯ ಒಂದು ಟಚ್‌ಡೌನನ್ನು ಟೇಪ್ ಹಿಂದಕ್ಕೆ ಸುತ್ತಿ ಕೂಡಲೇ ಮತ್ತೆ ತೋರಿಸಿದರು. ಮತ್ತೊಮ್ಮೆ ಟಚ್‌ಡೌನ್ ಆಯಿತೆಂದು ಜನ ತಪ್ಪು ತಿಳಿಯದಿರಲಿ ಎಂದು ವೀಕ್ಷಕ ವಿವರಣೆಗಾರ, ಇದು ಹಳೆಯದೇ ಎಂದು ಬಿಡಿಸಿ ಹೇಳಬೇಕಾಯಿತು. ಇದೇ ರೀಪ್ಲೇ. ನೋಡಿದ್ದನ್ನು ಇನ್ನೊಮ್ಮೆ ನೋಡಿ, ತಪ್ಪು ಯಾರದ್ದು ಎಂದು ಬೆರಳು ತೋರಿಸುವ ಅವಕಾಶ ಮನೆಯಲ್ಲಿ ಕೂತವನಿಗೆ ಸಿಕ್ಕಿತು.

ಹೈಡಿ ಹುಡುಗಿ ಬಂದ ಸಂಜೆ

1968ರ ನವೆಂಬರ್ 17. ನ್ಯೂಯಾರ್ಕ್ ಜೆಟ್ಸ್ ಮತ್ತು ಓಕ್ಲೆಂಡ್ ರೈಡರ್ಸ್ ಆಟ. ಒಂದು ನಿಮಿಷ ಚಿಲ್ಲರೆ ಬಾಕಿ, ಜೆಟ್ಸ್ 32–29ರಿಂದ ಮುಂದೆ. ಗಂಟೆ ಸಂಜೆ ಏಳಾಯಿತು. ಎನ್‌ಬಿಸಿ ಚಾನೆಲ್ ಆಟ ನಿಲ್ಲಿಸಿ, ಮೊದಲೇ ನಿಗದಿಯಾಗಿದ್ದ ‘ಹೈಡಿ’ ಎಂಬ ಮಕ್ಕಳ ಚಿತ್ರ ಶುರು ಮಾಡಿತು. ದೇಶದ ಪೂರ್ವ ಭಾಗದ ಪರದೆಗಳಲ್ಲಿ ಬೆಟ್ಟದ ಹುಡುಗಿ ಬಂದಳು.

ಅತ್ತ ಮೈದಾನದಲ್ಲಿ ಓಕ್ಲೆಂಡ್ 9 ಸೆಕೆಂಡ್ ಅಂತರದಲ್ಲಿ ಎರಡು ಟಚ್‌ಡೌನ್ ಬಾರಿಸಿ 43–32ರಿಂದ ಗೆದ್ದಿತು! ಜೆಟ್ಸ್ ಗೆದ್ದಿತೆಂದು ನೆಮ್ಮದಿಯಾಗಿ ಕೂತಿದ್ದವರಿಗೆ ಸುದ್ದಿ ಸಿಕ್ಕಾಗ ಸಿಟ್ಟು ನೆತ್ತಿಗೇರಿತು. ಚಾನೆಲ್‌ನ ಫೋನ್ ವ್ಯವಸ್ಥೆ ಕೆಟ್ಟು ನಿಂತಿತು. ತಮಾಷೆ ಎಂದರೆ, ಆಟವನ್ನೇ ಮುಂದುವರಿಸಿ ಎಂದು ಹೇಳಲು ಚಾನೆಲ್‌ನ ಮೇಲಧಿಕಾರಿಗಳೂ ಫೋನ್ ಮಾಡುತ್ತಿದ್ದರು. ಜನರ ಕರೆಗಳಿಂದ ಲೈನ್ ಸಿಗಲಿಲ್ಲ. ಚಾನೆಲ್ ಕ್ಷಮೆ ಕೇಳಿತು. ಆಮೇಲೆ ಪಂದ್ಯ ಮುಗಿಯುವವರೆಗೆ ತೋರಿಸಬೇಕು ಎಂಬುದು ನಿಯಮವಾಯಿತು.

ಬ್ಲ್ಯಾಕೌಟ್ ಸಡಿಲವಾಗಲು ಮಾತ್ರ ರಾಜಧಾನಿಗೇ ಬಿಸಿ ತಟ್ಟಬೇಕಾಯಿತು. 1972ರ ಕೊನೆಯಲ್ಲಿ ವಾಷಿಂಗ್ಟನ್ ತಂಡ ಪ್ಲೇಆಫ್ ಹಂತಕ್ಕೆ ಬಂದಾಗ ಕಾನೂನು ಮಾಡುವವರ ಮನೆಯ ಟೀವಿಯಲ್ಲೇ ಆಟ ಬರಲಿಲ್ಲ. ಮರುವರ್ಷವೇ ಸಂಸತ್ತು ಕಾನೂನು ತಂದಿತು: ಪಂದ್ಯಕ್ಕೆ 72 ಗಂಟೆ ಮೊದಲು ಟಿಕೆಟ್ ಪೂರ್ತಿ ಮಾರಾಟವಾಗಿದ್ದರೆ ಆ ಊರಿಗೂ ಆಟ ತೋರಿಸಬೇಕು. ಜನಸಾಮಾನ್ಯ ಇಪ್ಪತ್ತು ವರ್ಷ ಕೇಳಿದ್ದು ದೊಡ್ಡವರ ಮನೆ ಪರದೆ ಕಪ್ಪಾದ ಮೇಲೆ ಆಯಿತು. ಇದು ಯಾವ ದೇಶದ ಕಥೆಯೋ ಅನ್ನಿಸುತ್ತಿಲ್ಲ ಅಲ್ಲವೇ?

ಕಾಲೇಜು ಫುಟ್‌ಬಾಲ್‌ನಲ್ಲಿ ಇನ್ನೂ ಬಿಗಿ ಇತ್ತು. ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮದಂತೆ ಒಂದು ತಂಡ ಎರಡು ವರ್ಷದಲ್ಲಿ 6 ಸಲಕ್ಕಿಂತ ಹೆಚ್ಚು ಟೀವಿಯಲ್ಲಿ ಕಾಣುವಂತಿರಲಿಲ್ಲ. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ನಿಯಮವನ್ನು ಕಿತ್ತುಹಾಕಿತು. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್, ಯೌವನದಲ್ಲಿ ಅವರೇ ಹೆಸರಾಂತ ಫುಟ್‌ಬಾಲ್ ಆಟಗಾರ. ತೀರ್ಪಿನ ನಂತರ ಶನಿವಾರ ಬಂದರೆ ಚಾನೆಲ್ ತುಂಬ ಕಾಲೇಜು ಆಟ.

ದಾಳಿ ಬತ್ತಿತು, ನಿಯಮ ಬದಲಾಯಿತು

ಇಷ್ಟೆಲ್ಲ ಹೋರಾಡಿ ಆಟ ನೋಡಲು ಸಿಕ್ಕಿತು. ಆದರೆ ನೋಡಲು ಏನಿತ್ತು? 1970ರ ದಶಕದಲ್ಲಿ ರಕ್ಷಣೆಯದೇ ಮೇಲುಗೈ. ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ಗುದ್ದಿ ಬೀಳಿಸಬಹುದಿತ್ತು. 1977ರಲ್ಲಿ ಒಂದು ತಂಡದ ಸರಾಸರಿ ಗಳಿಕೆ ಪಂದ್ಯಕ್ಕೆ 17.2 ಅಂಕಕ್ಕೆ ಇಳಿಯಿತು. ಅಷ್ಟು ಕಡಿಮೆ ಆಗಿದ್ದು 1942ರ ನಂತರ ಅದೇ ಮೊದಲು. ಅಭಿಮಾನಿಗಳು ಆಕಳಿಸತೊಡಗಿದರು.

1978ರಲ್ಲಿ ಲೀಗ್ ನಿಯಮ ತಿದ್ದಿತು. ಮೊದಲ 5 ಗಜ ದಾಟಿದ ಮೇಲೆ ಓಡುವವನನ್ನು ತಳ್ಳುವಂತಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈ ಚಾಚಿ ಎದುರಾಳಿಯನ್ನು ತಡೆಯಬಹುದು. ಎಸೆಯುವವರಿಗೆ ಬಾಗಿಲು ತೆರೆಯಿತು.

ಆ ಬಾಗಿಲಲ್ಲಿ ಎಲ್ಲರಿಗಿಂತ ಚೆನ್ನಾಗಿ ನಡೆದವರು ಕೋಚ್ ಬಿಲ್ ವಾಲ್ಷ್. 1970ರಲ್ಲಿ ಸಿನ್ಸಿನಾಟಿ ತಂಡದಲ್ಲಿದ್ದಾಗ ಅವರಿಗೆ ಸಿಕ್ಕ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್‌ಗೆ ದೂರ ಎಸೆಯುವ ತೋಳ್ಬಲ ಇರಲಿಲ್ಲ. ಹಾಗಾದರೆ ಹತ್ತಿರಕ್ಕೇ ಎಸೆಯೋಣ ಎಂದರು. ನಾಲ್ಕು ಗಜ, ಆರು ಗಜ, ಅಗಲಕ್ಕೆ ಹರಡಿದ ಆಟ. ಇದನ್ನು ‘ಮೆತ್ತಗಿನ ಆಟ’ ಎಂದು ಹೀಯಾಳಿಸಿದವರಿಗೆ ಕಡಿಮೆಯಿರಲಿಲ್ಲ. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಬಂದ ವಾಲ್ಷ್ ಮೊದಲ ವರ್ಷ 16 ಪಂದ್ಯದಲ್ಲಿ 14 ಸೋತರು. ಎರಡು ವರ್ಷದ ನಂತರ ಅದೇ ತಂಡ ಚಾಂಪಿಯನ್.

ಆ ದಾರಿಯಲ್ಲಿ ಬಂದದ್ದು 1982ರ ಜನವರಿ 10ರ ಡಲ್ಲಾಸ್ ವಿರುದ್ಧದ ಪಂದ್ಯ. ಕೊನೆಯಲ್ಲಿ ಜೋ ಮೊಂಟಾನ ಎಸೆದ ಚೆಂಡನ್ನು ಡ್ವೈಟ್ ಕ್ಲಾರ್ಕ್ ಜಿಗಿದು ಬೆರಳ ತುದಿಯಲ್ಲಿ ಹಿಡಿದ ದೃಶ್ಯ ಟೀವಿಯಲ್ಲಿ ಸಾವಿರ ಸಲ ಬಂದಿದೆ. 28–27ರ ಗೆಲುವು. ಆದರೆ ಆ ಒಂದು ಕ್ಯಾಚ್ ಸೇರಿ ಆ ದಾಳಿಯಲ್ಲಿ ತಂಡ ಒಟ್ಟು 89 ಗಜ ದಾರಿ ಸಾಗಬೇಕಿತ್ತು. ಎದುರಾಳಿ ಪಾಸ್ ತಡೆಯಲೆಂದೇ ಆಟಗಾರರನ್ನು ಹಿಂದಕ್ಕೆ ನಿಲ್ಲಿಸಿತ್ತು. ಅದನ್ನು ಕಂಡ ವಾಲ್ಷ್ ಮತ್ತೆ ಮತ್ತೆ ಓಡಿಸಿದರು. ಪಾಸ್‌ಗೆ ಹೆಸರಾದ ಕೋಚ್ ಓಟದಿಂದ ಅರ್ಧ ಯುದ್ಧ ಗೆದ್ದಿದ್ದರು. ರೀಪ್ಲೇಯಲ್ಲಿ ಉಳಿದದ್ದು ಜಿಗಿತ ಮಾತ್ರ.

ಕ್ಯಾಮೆರಾ ನೋಡುವುದು ಚೆಂಡನ್ನು

ಇಲ್ಲಿಗೆ ನಮ್ಮ ಮೊದಲ ಪ್ರಶ್ನೆ ಬರುತ್ತದೆ. ಈ ಆಟದಲ್ಲಿ ಟೀವಿ ಕ್ಯಾಮೆರಾ ಹಿಂಬಾಲಿಸುವುದು ಚೆಂಡನ್ನು. ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಚೆಂಡು ಇರುವಾಗ ಪರದೆಯಲ್ಲಿ ಅವನು ಮತ್ತು ಅವನ ಸುತ್ತಲಿನ ಗುದ್ದಾಟ ಕಾಣುತ್ತದೆ. ಹಿಡಿಯಲು ಓಡಿದವರು ಚೌಕಟ್ಟಿನಿಂದ ಹೊರಗೆ. ಯಾರು ಖಾಲಿ ಇದ್ದರು, ಯಾರನ್ನು ಇಬ್ಬರು ಸುತ್ತುವರಿದಿದ್ದರು, ಯಾರು ದಾರಿ ತಪ್ಪಿ ಓಡಿದರು ಎಂಬುದು ಕಾಣುವುದಿಲ್ಲ. ಚೆಂಡು ತಪ್ಪಿದರೆ ಬೈಗುಳ ಕ್ವಾರ್ಟರ್‌ಬ್ಯಾಕ್‌ಗೆ.

ಕೋಚ್‌ಗಳ ಬಳಿ ಬೇರೆ ಚಿತ್ರ ಇರುತ್ತದೆ. ಎತ್ತರದಿಂದ ತೆಗೆದ, 22 ಜನರೂ ಒಟ್ಟಿಗೆ ಕಾಣುವ ಚಿತ್ರ. ಅದನ್ನು ಅಭಿಮಾನಿಗಳಿಗೆ ಕೊಟ್ಟರೆ ಟೀಕೆ ಹೆಚ್ಚಾದೀತು ಎಂಬ ಅಳುಕು ಲೀಗ್ ಒಳಗಿನ ಕೆಲವರಿಗೆ ಇತ್ತು. 2012ರಲ್ಲಿ ಕೊನೆಗೂ ಹಣ ಕಟ್ಟಿದವರಿಗೆ ಅದು ಸಿಕ್ಕಿತು. ಆಟ ಟೀವಿಗೆ ಬಂದು 73 ವರ್ಷವಾಗಿತ್ತು.

ನೋಡುವ ಕಣ್ಣು ಹಿಗ್ಗಿದಂತೆ ವಾದವೂ ಹಿಗ್ಗಿತು. 1998ರಿಂದ ಎಷ್ಟು ಮುಂದೆ ಹೋಗಬೇಕು ಎಂದು ಪರದೆಯ ಮೇಲೆ ಹಳದಿ ಗೆರೆ ಮೂಡತೊಡಗಿತ್ತು. ಮೈದಾನದಲ್ಲಿ ಆ ಗೆರೆ ಇರುವುದಿಲ್ಲ, ಕಂಪ್ಯೂಟರ್ ಎಳೆಯುವುದು. ಇತ್ತ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಮೂರು ಋತುಗಳ ಪಂದ್ಯಗಳನ್ನು ಲೆಕ್ಕ ಹಾಕಿ, 2006ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹೇಳಿದರು: ನಾಲ್ಕನೇ ಡೌನ್‌ನಲ್ಲಿ ತಂಡಗಳು ಅತಿಯಾಗಿ ಹೆದರಿ ಒದೆಯುತ್ತಿವೆ, ನುಗ್ಗಿದರೆ ಲಾಭ ಹೆಚ್ಚು. ಕಟ್ಟೆಯ ಮೇಲೆ ಕೂತು ‘ನುಗ್ಗಿ’ ಎಂದು ಕೂಗುತ್ತಿದ್ದವರ ಮಾತಿನಲ್ಲಿ ಹುರುಳಿತ್ತು.

2018ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ ಅದು ಎಲ್ಲರ ಕಣ್ಣ ಮುಂದೆ ನಡೆಯಿತು. ಫಿಲಡೆಲ್ಫಿಯಾ ಈಗಲ್ಸ್‌ಗೆ ನಾಲ್ಕನೇ ಡೌನ್, ಒಂದು ಗಜ ಬಾಕಿ. ಒದ್ದರೆ 3 ಅಂಕ ಬಹುತೇಕ ಖಚಿತ. ಅವರು ಒದೆಯಲಿಲ್ಲ. ಚೆಂಡು ಕೈಯಿಂದ ಕೈಗೆ ದಾಟಿ, ಕೊನೆಗೆ ಸದಾ ಎಸೆಯುವ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಅವರೇ ಅದನ್ನು ಹಿಡಿದರು. 41–33ರಿಂದ ಗೆದ್ದ ಈಗಲ್ಸ್‌ಗೆ ಅದು ಮೊದಲ ಸೂಪರ್ ಬೌಲ್ ಗೆಲುವು. ಕೋಚ್ ಮತ್ತು ಫೋಲ್ಸ್ ಆ ದಾಳಿಯ ಬಗ್ಗೆ ಮಾತಾಡಿಕೊಳ್ಳುತ್ತಿರುವ ಪ್ರತಿಮೆ ಸ್ಟೇಡಿಯಂ ಹೊರಗೆ ನಿಂತಿದೆ.

ಯಾರೂ ನೋಡದ ಮನುಷ್ಯ

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ್ಯ. ಆದರೆ ಪ್ರತಿ ದಾಳಿಯನ್ನೂ ಶುರು ಮಾಡುವ ಒಬ್ಬ ಆಟಗಾರನಿದ್ದಾನೆ. ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು, ಮರುಕ್ಷಣ ಎದುರಾಳಿಯನ್ನು ತಡೆಯುವ ‘ಸೆಂಟರ್’. ಅವನು ಪ್ರತಿ ಚೌಕಟ್ಟಿನ ನಟ್ಟನಡುವೆ ಇರುತ್ತಾನೆ. ಅವನನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣು ಚೆಂಡಿನ ಹಿಂದೆ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ ಅಂಥ ಸೆಂಟರ್. ನಾಲ್ಕು ಸೂಪರ್ ಬೌಲ್ ಗೆದ್ದವರು. ಆಟ ಬಿಟ್ಟ ಮೇಲೆ ನೆನಪು, ಸಂಸಾರ, ಹಣ ಎಲ್ಲ ಕೈಜಾರಿ 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದವರು ನೈಜೀರಿಯಾದಲ್ಲಿ ಹುಟ್ಟಿದ ವೈದ್ಯ ಬೆನೆಟ್ ಒಮಾಲು. ತಲೆಗೆ ಬಿದ್ದ ಸಾವಿರಾರು ಪೆಟ್ಟುಗಳಿಂದ ಆದ ಹಾನಿ ಅಲ್ಲಿತ್ತು. 2005ರಲ್ಲಿ ಅವರು ಅದನ್ನು ಪ್ರಕಟಿಸಿದಾಗ ಲೀಗ್‌ಗೆ ಸಂಬಂಧಪಟ್ಟ ವೈದ್ಯರು ಅಲ್ಲಗಳೆದರು. ಇಂಥ ಮೆದುಳಿನ ರೋಗಕ್ಕೂ ಫುಟ್‌ಬಾಲ್‌ಗೂ ಸಂಬಂಧವಿದೆ ಎಂದು ಲೀಗ್‌ನ ಅಧಿಕಾರಿಯೊಬ್ಬರು ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ.

1905ರ ಹುಡುಗರ ಸಾವು ಎಲ್ಲರ ಕಣ್ಣಿಗೆ ಬಿತ್ತು. ಅದಕ್ಕೇ ಮರುವರ್ಷ ನಿಯಮ ಬದಲಾಗಿ ಪಾಸ್ ಬಂತು. ವೆಬ್‌ಸ್ಟರ್ ತಲೆಯೊಳಗಿನ ಪೆಟ್ಟು ಯಾವ ರೀಪ್ಲೇಯಲ್ಲೂ ಕಾಣಲಿಲ್ಲ. ಅದಕ್ಕೇ ಒಪ್ಪಿಕೊಳ್ಳಲು ಅಷ್ಟು ವರ್ಷ ಹಿಡಿಯಿತು. ಕಂಡದ್ದಕ್ಕೆ ಮಾತ್ರ ಜನ ಜಗಳವಾಡುತ್ತಾರೆ, ಜಗಳವಾಡಿದ್ದು ಮಾತ್ರ ಬದಲಾಗುತ್ತದೆ.

ನಾಳೆ ಟೀ ಅಂಗಡಿ ಮುಂದೆ ಮತ್ತೆ ಸೇರೋಣ, ಜಗಳವನ್ನೂ ಆಡೋಣ. ಆದರೆ ‘ಅವನು ಯಾಕೆ ಹಾಗೆ ಆಡಿದ’ ಎಂದು ಬೈಯುವ ಮೊದಲು, ಆ ಗಳಿಗೆಯಲ್ಲಿ ಉಳಿದವರು ಎಲ್ಲಿದ್ದರು, ನಮಗೆ ಕಂಡಿತೇ ಎಂದು ಒಮ್ಮೆ ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ.